ಬ್ರೇಕ್ ಪ್ಯಾಡ್: ಸವೆಯುವುದು ಅದರ ಧರ್ಮ, ಗಮನಿಸುವುದು ಮಾಲೀಕನ ಕರ್ತವ್ಯ

ಕಾರು ಕೊಳ್ಳಲು ಹೊರಟ ಕುಟುಂಬ ಷೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ 'ಮೈಲೇಜ್ ಎಷ್ಟು?' ಎಂಬುದು. ಎರಡನೆಯದು ಕಂತಿನ ಬಗ್ಗೆ, ಮೂರನೆಯದು ಎ.ಸಿ. ಬಗ್ಗೆ. ಓಡುತ್ತಿರುವ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳುವವರು ತೀರಾ ವಿರಳ. ಕಾರು ಮನೆಗೆ ಬಂದ ಮೇಲೂ ಇದೇ ಕಥೆ. ಎಂಜಿನ್ ಆಯಿಲ್ ಬದಲಿಸಿದ ದಿನಾಂಕ ಹಲವರಿಗೆ ನೆನಪಿರುತ್ತದೆ. ಬ್ರೇಕ್ ಪ್ಯಾಡ್ ಕೊನೆಯ ಬಾರಿ ಬದಲಾದದ್ದು ಯಾವಾಗ ಎಂದರೆ ಉತ್ತರಿಸುವವರು ಕಡಿಮೆ.

ಬ್ರೇಕ್ ಪ್ಯಾಡ್ ಹಠಾತ್ತನೆ ಕೈಕೊಡುವ ಬಿಡಿಭಾಗವಲ್ಲ. ಅದು ದಿನದಿನವೂ ಸವೆಯುತ್ತದೆ, ಸವೆಯುತ್ತಿರುವುದನ್ನು ಸದ್ದಿನಿಂದ, ಪೆಡಲ್‌ನ ವರ್ತನೆಯಿಂದ, ಬಾನೆಟ್ ಕೆಳಗಿನ ಒಂದು ಸಣ್ಣ ಡಬ್ಬಿಯಲ್ಲಿರುವ ಎಣ್ಣೆಯ ಮಟ್ಟದಿಂದ ಮುಂಚಿತವಾಗಿಯೇ ತಿಳಿಸುತ್ತದೆ. ಈ ಸೂಚನೆಗಳನ್ನು ಓದಬಲ್ಲವರಿಗೆ ಖರ್ಚು ಅಲ್ಪ. ಓದದವರು ಮೊದಲು ಡಿಸ್ಕ್ ಕಳೆದುಕೊಳ್ಳುತ್ತಾರೆ. ಅಲ್ಲಿಗೂ ಎಚ್ಚೆತ್ತುಕೊಳ್ಳದಿದ್ದರೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವಾಗ ತೆರಬೇಕಾದ ಬೆಲೆ ಬೇರೆಯೇ ಆಗಿರುತ್ತದೆ.

ನಿಲ್ಲುವುದೆಂದರೆ ಬಿಸಿಯಾಗುವುದು

ಪೆಡಲ್ ತುಳಿದಾಗ ಕಾಲಿನ ಒತ್ತಡವು ಮಾಸ್ಟರ್ ಸಿಲಿಂಡರ್ ಎಂಬ ಭಾಗದಲ್ಲಿರುವ ದ್ರವಕ್ಕೆ ವರ್ಗಾವಣೆಯಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ, ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮವೇ ಇಲ್ಲಿ ಕೆಲಸ ಮಾಡುವುದು. ಕೊಳವೆಗಳ ಮೂಲಕ ಚಕ್ರ ತಲುಪಿದ ಒತ್ತಡವು ಕ್ಯಾಲಿಪರ್‌ನೊಳಗಿನ ಪಿಸ್ಟನ್ ಅನ್ನು ಮುಂದಕ್ಕೆ ತಳ್ಳುತ್ತದೆ. ಚಕ್ರದೊಂದಿಗೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಎರಡೂ ಬದಿಗಿರುವ ಪ್ಯಾಡ್‌ಗಳು ಡಿಸ್ಕನ್ನು ಇಕ್ಕಳದಂತೆ ಹಿಡಿಯುತ್ತವೆ.

ಹೀಗೆ ಹಿಡಿದಾಗ ಕಾರಿನ ಚಲನಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ, ಶಾಖವಾಗಿ ಬದಲಾಗುತ್ತದೆ. ನಾಲ್ಕು ಜನರ ಸಮೇತ 1,200 ಕಿಲೋ ತೂಗುವ ಸಣ್ಣ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಂತಿತೆಂದರೆ, ಒಂದು ಲೀಟರ್ ನೀರನ್ನು ಸುಮಾರು 40 ಡಿಗ್ರಿ ಸೆಲ್ಷಿಯಸ್‌ನಷ್ಟು ಬಿಸಿ ಮಾಡುವ ಶಾಖ ಆ ಕೆಲವೇ ಕ್ಷಣಗಳಲ್ಲಿ ಉತ್ಪತ್ತಿಯಾಗುತ್ತದೆ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಈ ಶಾಖವನ್ನು ಹೊರುವುದು ಅಂಗೈಗಿಂತ ತುಸು ದೊಡ್ಡದಾದ ಪ್ಯಾಡ್ ಮತ್ತು ಅದರ ಜೊತೆಗಾರ ಡಿಸ್ಕ್.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ಜಗತ್ತು ಅದನ್ನು ಗಂಭೀರವಾಗಿ ಪರಿಗಣಿಸಿದ್ದು 1953ರಲ್ಲಿ. ಆ ವರ್ಷ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕ್ ಹೊಂದಿದ್ದ ಜಾಗ್ವಾರ್ ಕಾರು ಗೆದ್ದಿತು. ಗಾಳಿಗೆ ತೆರೆದುಕೊಂಡಿರುವ ಡಿಸ್ಕ್ ಬೇಗ ತಣಿಯುತ್ತದೆ, ಪದೇ ಪದೇ ತುಳಿದರೂ ಹಿಡಿತ ಬೇಗ ಸಡಿಲಿಸುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದೇ. ಆದ್ದರಿಂದಲೇ ಮುಂದಿನ ಪ್ಯಾಡ್‌ಗಳು ಮೊದಲು ಸವೆಯುತ್ತವೆ.

ಎಷ್ಟು ಕಿ.ಮೀ. ಬಾಳಿಕೆ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸಾಮಾನ್ಯವಾಗಿ 30,000ದಿಂದ 50,000 ಕಿ.ಮೀ. ಎನ್ನಲಾಗುತ್ತದೆಯಾದರೂ ಅದು ಕಾರು ಓಡುವ ರಸ್ತೆ ಹಾಗೂ ಓಡಿಸುವ ಪಾದ ಎರಡನ್ನೂ ಅವಲಂಬಿಸಿದೆ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಮಾರ್ಗದ ಹೆದ್ದಾರಿಯಲ್ಲಿ ಸಮವೇಗದಲ್ಲಿ ಸಾಗುವ ಕಾರಿಗೆ ಬ್ರೇಕಿನ ಕೆಲಸ ಕಡಿಮೆ. ಅದೇ ಕಾರು ಬೆಂಗಳೂರಿನ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ದಟ್ಟಣೆಯಲ್ಲಿ ದಿನನಿತ್ಯ ಸಿಲುಕಿದರೆ ಹತ್ತು ಕಿ.ಮೀ.ಗೆ ನೂರು ಬಾರಿ ಪೆಡಲ್ ಮೇಲೆ ಕಾಲಿಡಬೇಕಾದೀತು. ಆಟೋಮ್ಯಾಟಿಕ್ ಗೇರಿನ ಕಾರುಗಳಲ್ಲಿ ಕಾಲು ಬ್ರೇಕಿನ ಮೇಲೆಯೇ ಇರುವುದರಿಂದ ಸವೆತ ಇನ್ನಷ್ಟು ಬೇಗ.

ಕರಾವಳಿಯ ಕಷ್ಟ ಬೇರೆ ಬಗೆಯದು. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿ ಮತ್ತು ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಕ್ಯಾಲಿಪರ್‌ನ ಜಾರುಪಿನ್ನುಗಳು ತುಕ್ಕು ಹಿಡಿದು ಬಿಗಿಯುತ್ತವೆ. ಆಗ ಒಂದು ಬದಿಯ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಾ ಬೇಗ ತೀರಿಹೋಗುತ್ತದೆ, ಮತ್ತೊಂದು ಹೊಸದರಂತೆಯೇ ಉಳಿಯುತ್ತದೆ.

ಎಲೆಕ್ಟ್ರಿಕ್ ಕಾರುಗಳ ಸಂಗತಿ ಇದಕ್ಕೆ ವ್ಯತಿರಿಕ್ತ. ವೇಗ ತಗ್ಗಿಸುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವುದರಿಂದ ಪ್ಯಾಡ್ ಬಹುಕಾಲ ಬಾಳುತ್ತದೆ. ಆದರೆ ಬಳಕೆ ಕಡಿಮೆಯಾದಷ್ಟೂ ಡಿಸ್ಕ್ ತುಕ್ಕು ಹಿಡಿಯುವ ಸಾಧ್ಯತೆ ಹೆಚ್ಚು. ಅವುಗಳಿಗೂ ತಪಾಸಣೆಯಿಂದ ವಿನಾಯಿತಿ ಇಲ್ಲ.

ಕಾರು ಹೇಳುವ ಮಾತು ಕೇಳಿ

ಮೊದಲ ಸೂಚನೆ ಕೀರಲು ಸದ್ದು. ಅನೇಕ ಪ್ಯಾಡ್‌ಗಳಲ್ಲಿ ಸಣ್ಣದೊಂದು ಲೋಹದ ನಾಲಗೆ ಇರುತ್ತದೆ. ಪ್ಯಾಡ್ ನಿಗದಿತ ಮಟ್ಟಕ್ಕೆ ಸವೆದೊಡನೆ ಈ ನಾಲಗೆ ಡಿಸ್ಕಿಗೆ ತಾಗಿ ಕೀರಲಾರಂಭಿಸುತ್ತದೆ. ತಯಾರಕರು ಬೇಕೆಂದೇ ಇಟ್ಟಿರುವ ಎಚ್ಚರಿಕೆಯ ಗಂಟೆ ಇದು. ಹಾಗೆಂದು ಎಲ್ಲ ಸದ್ದಿಗೂ ಗಾಬರಿಪಡಬೇಕಿಲ್ಲ. ಮಳೆ ಬಂದ ಮರುದಿನ ಬೆಳಿಗ್ಗೆ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕಟ್ಟಿರುತ್ತದೆ. ನಾಲ್ಕಾರು ಬಾರಿ ಬ್ರೇಕ್ ಹಾಕಿದಾಗ ಹೋಗಿಬಿಡುವ ಸದ್ದು ಅದರದ್ದು. ದಿನವಿಡೀ ಉಳಿಯುವ ಸದ್ದು ಮಾತ್ರ ಪ್ಯಾಡಿನದ್ದು.

ಎರಡನೆಯದು ಗರಗರ ಎಂಬ ಕರ್ಕಶ ಶಬ್ದ. ಇದು ಎಚ್ಚರಿಕೆಯಲ್ಲ, ಹಾನಿ ಆರಂಭವಾಗಿದೆ ಎಂಬ ಸುದ್ದಿ. ಘರ್ಷಣೆಯ ಪದರ ಪೂರ್ತಿ ತೀರಿ, ಹಿಂದಿನ ಉಕ್ಕಿನ ಫಲಕವೇ ಡಿಸ್ಕನ್ನು ಕೆರೆಯುತ್ತಿರುತ್ತದೆ. ಅಂತಹ ಕಾರನ್ನು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಮೂರನೆಯದು ಪೆಡಲ್. ಅದು ಸ್ಪಂಜಿನಂತೆ ಮೆತ್ತಗೆ ಒಳಹೋದರೆ ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ದ್ರವ ಹಳತಾಗಿದೆ ಎಂದರ್ಥ. ಬ್ರೇಕ್ ಹಾಕಿದಾಗ ಪೆಡಲ್ ಅಥವಾ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಏಕಪ್ರಕಾರವಾಗಿ ಸವೆದಿಲ್ಲ. ಕಾರು ಒಂದು ಬದಿಗೆ ಎಳೆದರೆ ಒಂದು ಕ್ಯಾಲಿಪರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು.

ನಾಲ್ಕನೆಯದು ಅನೇಕರಿಗೆ ತಿಳಿಯದ ಸೂಚನೆ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಸರಿಯುತ್ತದೆ. ಅದು ಬಿಟ್ಟ ಜಾಗವನ್ನು ಬ್ರೇಕ್ ಆಯಿಲ್ ತುಂಬುತ್ತದೆ. ಹೀಗಾಗಿ ಎಲ್ಲೂ ಸೋರಿಕೆ ಇಲ್ಲದಿದ್ದರೂ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮಟ್ಟ ನಿಧಾನವಾಗಿ ಇಳಿಯುತ್ತದೆ. ಅದನ್ನು ಕಂಡೊಡನೆ ಆಯಿಲ್ ಸುರಿದು ಸಮಾಧಾನಪಡುವುದು ರೂಢಿ. ಮಟ್ಟ ಇಳಿದರೆ ಮೊದಲು ನೋಡಬೇಕಾದದ್ದು ಪ್ಯಾಡ್, ನಂತರ ಸೋರಿಕೆ. ಇವೆರಡೂ ಇಲ್ಲವೆಂದು ಖಚಿತವಾದ ಮೇಲಷ್ಟೇ ಆಯಿಲ್. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಡ್ಯಾಷ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ಅದಕ್ಕೂ ಬಹುತೇಕ ಇದೇ ಕಾರಣ.

ಕಣ್ಣಳತೆಯ ಪರೀಕ್ಷೆ

ಹೊಸ ಪ್ಯಾಡಿನ ಘರ್ಷಣೆಯ ಪದರ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ದಪ್ಪವಿರುತ್ತದೆ. 4 ಮಿ.ಮೀ.ಗೆ ಇಳಿದರೆ ಬದಲಾವಣೆಯ ಯೋಚನೆ ಆರಂಭಿಸಬೇಕು. 3 ಮಿ.ಮೀ. ಆದರೆ ಮುಂದೂಡಬಾರದು. ಕಾರಿನ ಕೈಪಿಡಿ ಬೇರೆ ಮಿತಿಯನ್ನು ಸೂಚಿಸಿದ್ದರೆ ಅದೇ ಅಂತಿಮ. ಅಳೆಯುವಾಗ ಹಿಂದಿನ ಉಕ್ಕಿನ ಫಲಕವನ್ನು ಲೆಕ್ಕಕ್ಕೆ ಸೇರಿಸಬಾರದು.

ಅಲಾಯ್ ಚಕ್ರವಿದ್ದರೆ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟು ನೋಡಬಹುದು. ಆದರೆ ಅಲ್ಲಿ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಪಿಸ್ಟನ್ ನೇರವಾಗಿ ತಳ್ಳುವ ಒಳಗಿನ ಪ್ಯಾಡ್ ಅನೇಕ ಬಾರಿ ಮೊದಲು ಸವೆಯುತ್ತದೆ. ಹೊರಗಿನದು ಚೆನ್ನಾಗಿದೆ ಎಂದು ನಿಶ್ಚಿಂತರಾದವರು ಮೋಸಹೋಗುವುದು ಇಲ್ಲಿಯೇ. ಉಕ್ಕಿನ ಚಕ್ರವಿದ್ದರೆ ಬಿಚ್ಚದೆ ಏನೂ ಕಾಣದು. ಟೈರ್‌ಗಳ ಸ್ಥಾನ ಬದಲಿಸುವಾಗ ಹೇಗೂ ಚಕ್ರ ಬಿಚ್ಚುತ್ತಾರೆ. ಆ ಹೊತ್ತಿನಲ್ಲಿ 'ಒಳಗಿನ ಪ್ಯಾಡ್ ತೋರಿಸಿ' ಎಂದು ಕೇಳಿದರೆ ಎರಡು ನಿಮಿಷದ ಕೆಲಸ.

ಡಿಸ್ಕನ್ನೂ ಗಮನಿಸಬೇಕು. ಬೆರಳ ತುದಿ ಸವರಿದಾಗ ಆಳವಾದ ಗೀರುಗಳು ಅಥವಾ ಅಂಚಿನಲ್ಲಿ ಎದ್ದುನಿಂತ ದಂಡೆ ಸಿಕ್ಕಿದರೆ ಡಿಸ್ಕ್ ಕೂಡ ಸವೆದಿದೆ. ಇಷ್ಟಕ್ಕಿಂತ ತೆಳುವಾಗಬಾರದು ಎಂಬ ಕನಿಷ್ಠ ದಪ್ಪವನ್ನು ಬಹುತೇಕ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಓಡಿಸಿ ಬಂದ ಕೂಡಲೇ ಮಾತ್ರ ಮುಟ್ಟಬಾರದು, ಕೈ ಸುಡುವುದು ಖಂಡಿತ.

ಬದಲಾಯಿಸುವ ಕ್ರಮ

ಉಪಕರಣ ಹಾಗೂ ಅನುಭವ ಇದ್ದವರಿಗೆ ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಉಳಿದವರು ಗ್ಯಾರೇಜಿಗೆ ಹೋಗುವುದೇ ಉಚಿತ. ಆದರೆ ಕ್ರಮವನ್ನು ತಿಳಿದ ಗ್ರಾಹಕನ ಮುಂದೆ ಅರೆಬರೆ ಕೆಲಸ ನಡೆಯುವುದಿಲ್ಲ.

ಕಾರು ಸಮತಟ್ಟಾದ ಗಟ್ಟಿ ನೆಲದಲ್ಲಿರಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಬೇಕು. ಚಕ್ರದ ನಟ್ಟುಗಳನ್ನು ಜಾಕಿ ಏರಿಸುವ ಮುನ್ನವೇ ಸ್ವಲ್ಪ ಸಡಿಲಿಸಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ, ಕೈ ಹಾಕಬಾರದು, ಗಟ್ಟಿಮುಟ್ಟಾದ ಸ್ಟ್ಯಾಂಡ್ ಇರಲೇಬೇಕು.

ಕ್ಯಾಲಿಪರ್‌ನ ಬೋಲ್ಟ್ ಬಿಚ್ಚಿ ಎತ್ತಿದಾಗ ಅದನ್ನು ರಬ್ಬರ್ ಕೊಳವೆಯಿಂದಲೇ ಜೋತು ಬಿಡಬಾರದು, ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಹಳೆಯ ಪ್ಯಾಡ್ ತೆಗೆದು ಪಿಸ್ಟನ್ ಅನ್ನು ನಿಧಾನವಾಗಿ ಹಿಂದಕ್ಕೆ ಒತ್ತಬೇಕು. ಆಗ ಆಯಿಲ್ ಡಬ್ಬಿಗೆ ಮರಳುತ್ತದೆ. ಹಿಂದೆ ಮಟ್ಟ ಇಳಿದಾಗಲೆಲ್ಲ ಆಯಿಲ್ ಸುರಿದಿದ್ದರೆ ಈಗ ಅದು ಉಕ್ಕಿ ಚೆಲ್ಲುತ್ತದೆ. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ಕಿತ್ತುಹಾಕುವುದರಿಂದ ಬಿದ್ದ ತಕ್ಷಣ ನೀರಿನಿಂದ ತೊಳೆಯಬೇಕು.

ಜಾರುಪಿನ್ನುಗಳನ್ನು ಒರೆಸಿ, ಹೆಚ್ಚು ಶಾಖ ತಡೆಯುವ ವಿಶೇಷ ಗ್ರೀಸ್ ಸವರುವುದು ಅನೇಕ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಹೆಜ್ಜೆ. ಹೊಸ ಪ್ಯಾಡ್ ಹಾಕಿದ ಕೆಲವೇ ತಿಂಗಳಲ್ಲಿ ಒಂದು ಬದಿ ಮಾತ್ರ ಸವೆಯಲು ಇದೇ ಮುಖ್ಯ ಕಾರಣ. ಆದರೆ ಗ್ರೀಸ್ ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಎಳ್ಳಷ್ಟೂ ತಾಗಬಾರದು. ಪ್ಯಾಡ್‌ಗಳನ್ನು ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಒಂದು ಬದಿಗೆ ಮಾತ್ರ ಹೊಸದು ಹಾಕಿದರೆ ಕಾರು ಬ್ರೇಕ್ ಹಾಕಿದಾಗ ಓರೆಯಾಗಿ ಎಳೆಯುತ್ತದೆ.

ಬ್ರೇಕಿನ ಧೂಳನ್ನು ಬಾಯಿಂದ ಅಥವಾ ಗಾಳಿಯ ಪೈಪಿನಿಂದ ಊದುವುದು ತಪ್ಪು. ಹಳೆಯ ಅಥವಾ ಅಗ್ಗದ ಪ್ಯಾಡ್, ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಬಳಸುವುದು ಮೆಕ್ಯಾನಿಕ್‌ನ ಆರೋಗ್ಯದ ದೃಷ್ಟಿಯಿಂದಲೂ ಅಗತ್ಯ.

ಎಲ್ಲ ಮುಗಿದ ಮೇಲೆ ಅತಿ ಮುಖ್ಯವಾದ ಒಂದು ಹೆಜ್ಜೆ ಉಳಿದಿರುತ್ತದೆ. ಹಿಂದಕ್ಕೆ ಒತ್ತಿದ ಪಿಸ್ಟನ್ ಇನ್ನೂ ಪ್ಯಾಡಿನಿಂದ ದೂರವಿರುತ್ತದೆ. ಆ ಸ್ಥಿತಿಯಲ್ಲಿ ಕಾರು ತೆಗೆದರೆ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದೇ ಇಲ್ಲ! ಕಾರು ಕದಲಿಸುವ ಮುನ್ನ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಬೇಕು. ಮೊದಲ ಇನ್ನೂರು ಮುನ್ನೂರು ಕಿ.ಮೀ.ವರೆಗೆ, ತುರ್ತು ಸಂದರ್ಭ ಹೊರತು, ಜೋರಾಗಿ ಬ್ರೇಕ್ ಹಾಕದೆ ಓಡಿಸಿದರೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಹೊಸ ಪ್ಯಾಡ್ ಹಾಕಿಸಿದ ಸಂಜೆಯೇ ಘಟ್ಟದ ಪ್ರವಾಸ ಹೊರಡುವುದು ಜಾಣತನವಲ್ಲ.

ಅಗ್ಗದ ಮಾಲು, ದುಬಾರಿ ಪರಿಣಾಮ

ಸಣ್ಣ ಕಾರಿನ ಮುಂದಿನ ಪ್ಯಾಡ್‌ಗಳ ಸೆಟ್ಟಿಗೆ ತಗಲುವ ಹಣ ಒಂದು ಬಾರಿ ಪೆಟ್ರೋಲ್ ಟ್ಯಾಂಕ್ ತುಂಬಿಸುವ ಖರ್ಚಿಗಿಂತ ಬಹಳ ಹೆಚ್ಚೇನಲ್ಲ. ಅದನ್ನು ತಡಮಾಡಿ ಡಿಸ್ಕ್ ಹಾಳಾದರೆ ವೆಚ್ಚ ಹಲವು ಪಟ್ಟಾಗುತ್ತದೆ. ಪ್ಯಾಡ್ ಪೂರ್ತಿ ತೀರಿದ ಮೇಲೂ ಓಡಿಸಿದರೆ ಪಿಸ್ಟನ್ ತನ್ನ ಮಿತಿ ಮೀರಿ ಹೊರಬಂದು ಆಯಿಲ್ ಸೋರಬಹುದು. ಆಗ ಪ್ರಶ್ನೆ ಹಣದ್ದಾಗಿ ಉಳಿಯುವುದಿಲ್ಲ.

ಇನ್ನೊಂದು ಅಪಾಯ ನಕಲಿ ಮಾಲಿನದ್ದು. ಹೆಸರಾಂತ ಕಂಪನಿಯ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ಕಳಪೆ ಪ್ಯಾಡ್ ಬರುವುದುಂಟು. ಬೇಗ ಗಾಜಿನಂತೆ ನುಣುಪಾಗುವ, ಬಿಸಿಯಾದಾಗ ಹಿಡಿತ ಬಿಡುವ, ಕೆಲವೊಮ್ಮೆ ಉಕ್ಕಿನ ಫಲಕದಿಂದ ಪದರವೇ ಕಳಚಿಕೊಳ್ಳುವ ಪ್ಯಾಡ್‌ಗಳಿವು. ಅಧಿಕೃತ ಮಾರಾಟಗಾರರಿಂದ ಬಿಲ್ ಸಹಿತ ಕೊಳ್ಳುವುದು, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಾದರೂ ಪರಿಚಿತ ಅಂಗಡಿಗೇ ಹೋಗುವುದು ಕ್ಷೇಮ. ಬದಲಾಯಿಸಿದ ಹಳೆಯ ಪ್ಯಾಡ್‌ಗಳನ್ನು ತೋರಿಸುವಂತೆ ಗ್ಯಾರೇಜಿನಲ್ಲಿ ಕೇಳುವುದು ಗ್ರಾಹಕನ ಹಕ್ಕು. ನಿಜಕ್ಕೂ ಬದಲಾವಣೆ ಬೇಕಿತ್ತೇ, ನಿಜಕ್ಕೂ ಬದಲಾಯಿತೇ ಎಂಬ ಎರಡೂ ಪ್ರಶ್ನೆಗೆ ಆ ನಾಲ್ಕು ತುಂಡುಗಳೇ ಉತ್ತರ ನೀಡುತ್ತವೆ.

ಮರೆತುಹೋಗುವ ಇಬ್ಬರು

ಪ್ಯಾಡಿನ ಗದ್ದಲದಲ್ಲಿ ಮರೆಯಾಗುವ ಮೊದಲನೆಯದು ಹಿಂದಿನ ಡ್ರಮ್. ಅದರೊಳಗಿನ ಬ್ರೇಕ್ ಶೂ ನಿಧಾನವಾಗಿ ಸವೆಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಹ್ಯಾಂಡ್ ಬ್ರೇಕ್ ಮೊದಲಿಗಿಂತ ಹೆಚ್ಚು ಮೇಲಕ್ಕೆ ಬರತೊಡಗಿದರೆ ಡ್ರಮ್ ಬಿಚ್ಚಿಸಿ ನೋಡಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸಿ ಊರಿಗೆ ಹೋಗುವವರು ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಶೂ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯದು.

ಎರಡನೆಯದು ಬ್ರೇಕ್ ಆಯಿಲ್. ಇದು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಹೊಸ ಡಾಟ್ 3 ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ, ಡಾಟ್ 4 ದ್ರವದ್ದು 230 ಡಿಗ್ರಿ ಇರಬೇಕೆಂಬುದು ನಿಯಮ. ತೇವ ಹೀರಿದ ಸ್ಥಿತಿಯಲ್ಲಿ ಇದೇ ಮಾನದಂಡ ಕ್ರಮವಾಗಿ 140 ಮತ್ತು 155 ಡಿಗ್ರಿಗೆ ಇಳಿಯುತ್ತದೆ. ಬಿಸಿಯಾದ ಕ್ಯಾಲಿಪರ್‌ನಲ್ಲಿ ಹಳೆಯ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ನೆಲ ಮುಟ್ಟಿದರೂ ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಅದೂ ಕೈಪಿಡಿ ಹೇಳಿದ ದರ್ಜೆಯದ್ದೇ ಆಗಿರಬೇಕು.

ಘಟ್ಟ ಇಳಿಯುವಾಗ

ಇಷ್ಟೆಲ್ಲ ಎಚ್ಚರಿಕೆಯ ನಿಜವಾದ ಪರೀಕ್ಷೆ ನಡೆಯುವುದು ಇಳಿಜಾರಿನಲ್ಲಿ. ಆಗುಂಬೆಯ 14 ಕಡಿದಾದ ತಿರುವುಗಳು, ಚಾರ್ಮಾಡಿ, ಶಿರಾಡಿ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿ, ವಾರಾಂತ್ಯದಲ್ಲಿ ಬೆಂಗಳೂರಿಗರು ಮುಗಿಬೀಳುವ 1,478 ಮೀಟರ್ ಎತ್ತರದ ನಂದಿಬೆಟ್ಟ, ಎಲ್ಲೆಡೆಯೂ ಲೆಕ್ಕ ಒಂದೇ. 1,200 ಕಿಲೋ ತೂಕದ ಕಾರು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ, ಅದೇ ಕಾರನ್ನು 60 ಕಿ.ಮೀ. ವೇಗದಿಂದ ಸುಮಾರು 35 ಬಾರಿ ನಿಲ್ಲಿಸಿದ್ದಕ್ಕೆ ಸಮ. ಅಷ್ಟನ್ನೂ ಪ್ಯಾಡಿನ ತಲೆಗೆ ಕಟ್ಟಿದರೆ ಅದು ಸುಟ್ಟ ವಾಸನೆ ಬೀರುತ್ತದೆ, ನಂತರ ಹಿಡಿತ ಬಿಡುತ್ತದೆ.

ಪರಿಹಾರ ಸರಳ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸತ್ಯ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಪೆಡಲ್ ಮೇಲೆ ಸದಾ ಕಾಲಿಟ್ಟು ಉಜ್ಜಿಸುವ ಬದಲು, ವೇಗ ಹೆಚ್ಚಿದಾಗ ಒಮ್ಮೆ ಗಟ್ಟಿಯಾಗಿ ತುಳಿದು ತಗ್ಗಿಸಿ ಕಾಲು ತೆಗೆದರೆ ಡಿಸ್ಕಿಗೆ ತಣಿಯಲು ಸಮಯ ಸಿಗುತ್ತದೆ.

ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಅಪಾಯಕಾರಿ ಮಾತ್ರವಲ್ಲ, ನಿಷ್ಪ್ರಯೋಜಕವೂ ಹೌದು. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ತಾವೇ ಕಡಿತಗೊಳಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಚಾಲೂ ಇರಲು ಇಂಧನ ಉರಿಯಲೇಬೇಕು! ಎಂಜಿನ್ ಆರಿಸಿ ಇಳಿಯುವುದಂತೂ ಅಪಾಯವನ್ನು ಆಹ್ವಾನಿಸಿದಂತೆ. ಪೆಡಲ್ ಹಗುರಾಗಿಸುವ ಬೂಸ್ಟರ್‌ಗೆ ನಿರ್ವಾತ ಬೇಕು. ಎಂಜಿನ್ ನಿಂತ ಮೇಲೆ ಒಂದೆರಡು ತುಳಿತಕ್ಕೆ ಅದು ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಕೂಡ ಬಿಗಿಯುತ್ತದೆ.

ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಬೇಕು. ಕಾದ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ಬ್ರೇಕ್ ಹಿಡಿಯದೇ ಹೋದರೆ ಪೆಡಲನ್ನು ಪದೇ ಪದೇ ತುಳಿಯುತ್ತಾ, ಗೇರುಗಳನ್ನು ಒಂದೊಂದಾಗಿ ಇಳಿಸುತ್ತಾ, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸುತ್ತಾ ಕಾರನ್ನು ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೆ ಒಯ್ಯುವುದೇ ದಾರಿ.

ನೀರು ನಿಂತ ರಸ್ತೆ ದಾಟಿ ಬಂದ ಮೇಲೂ ಹಗುರವಾಗಿ ನಾಲ್ಕಾರು ಬಾರಿ ಬ್ರೇಕ್ ಒತ್ತಿ ಒಣಗಿಸಿಕೊಳ್ಳಬೇಕು. ಒದ್ದೆಯಾದ ಡ್ರಮ್ ಮೊದಲ ತುಳಿತಕ್ಕೆ ಹಿಡಿಯುತ್ತದೆಂಬ ಭರವಸೆ ಇಲ್ಲ.

ಎಬಿಎಸ್ ಇದೆಯಲ್ಲ?

2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದರ ಕೆಲಸ ಚಕ್ರಗಳು ಸ್ತಬ್ಧಗೊಂಡು ಜಾರದಂತೆ ತಡೆಯುವುದು. ಸವೆದ ಪ್ಯಾಡಿಗೆ ಅದು ಹಿಡಿತ ತಂದುಕೊಡಲಾರದು. ದೋಷವುಳ್ಳ ಅಪಾಯಕಾರಿ ವಾಹನ ಚಲಾಯಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅಪರಾಧವೆಂಬುದನ್ನೂ ನೆನಪಿಡಬೇಕು. ಆದರೆ ದಂಡಕ್ಕೆ ಹೆದರಿ ಮಾಡಬೇಕಾದ ಕೆಲಸ ಇದಲ್ಲ.

ವರ್ಷದಲ್ಲಿ ಎರಡು ಬಾರಿ, ಮುಂಗಾರಿಗೆ ಮುನ್ನ ಒಮ್ಮೆ ಮತ್ತು ದೂರದ ಪ್ರವಾಸಕ್ಕೆ ಮುನ್ನ ಒಮ್ಮೆ, ನಾಲ್ಕೂ ಚಕ್ರಗಳ ಬ್ರೇಕ್ ತೋರಿಸಿಕೊಂಡರೆ ಸಾಕು. ಬದಲಿಸಿದ ದಿನಾಂಕ ಮತ್ತು ಕಿ.ಮೀ. ಅನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಬಾರಿ ಯಾವಾಗ ಎಂಬ ಅಂದಾಜು ತಾನಾಗಿ ಸಿಗುತ್ತದೆ. ಮೈಲೇಜ್ ಕಡಿಮೆಯಾದರೆ ಜೇಬಿಗಷ್ಟೇ ನಷ್ಟ. ಕಾರು ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ಆಗುವ ನಷ್ಟವನ್ನು ಯಾವ ವಿಮೆಯೂ ತುಂಬಿಕೊಡಲಾರದು.